ಹಳೇ ಮನೆ ಅಗ್ಗ, ಸಹಿಗಳೇ ತುಟ್ಟಿ

ಕಳೆದ ದೀಪಾವಳಿ ಮುಗಿದಾಗಿನಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ರಾಯಚೂರಿನ ಹಳೇ ಊರಿನಲ್ಲಿ, ಕೋಟೆ ಗೋಡೆಯಿಂದ ಸ್ವಲ್ಪ ದೂರದಲ್ಲಿ ಒಂದು ಮಾಳಿಗೆ ಮನೆ ಮಾರಾಟಕ್ಕಿದೆ. ಮುಂದೆ ಕಲ್ಲಿನ ಕಟ್ಟೆ, ಕೆತ್ತನೆಯ ದೊಡ್ಡ ಬಾಗಿಲು, ಒಳಗೆ ಕಂಬಗಳ ಪಡಸಾಲೆ, ನೆಲಕ್ಕೆ ಶಹಾಬಾದಿ ಪರಸಿ. ನಾನು ರಾಯಚೂರಿನಲ್ಲಿ ಖಾಸಗಿ ಕೆಲಸದಲ್ಲಿದ್ದೇನೆ, ಬಾಡಿಗೆ ಕೋಣೆಯಲ್ಲಿದ್ದೇನೆ. ಅಪ್ಪ, ಅವ್ವ ಮಾನ್ವಿಯಲ್ಲಿದ್ದಾರೆ. ಮೂವರೂ ಒಂದೇ ಕಡೆ ಇರೋಣ ಎಂಬುದು ಆಸೆ. ಊರ ಹೊರಗಿನ ಬಡಾವಣೆಯಲ್ಲಿ ನಿವೇಶನ ಕೊಂಡು ಮನೆ ಕಟ್ಟುವ ಖರ್ಚಿಗೆ ಹೋಲಿಸಿದರೆ ಈ ಮನೆಯ ಬೆಲೆ ಬಹಳ ಕಡಿಮೆ.

ಮೊದಲ ದಿನ ನನಗೆ ಬಂದ ಪ್ರಶ್ನೆ, ‘ಈ ಮನೆ ಇಷ್ಟು ಅಗ್ಗ ಯಾಕೆ?’ ಗೋಡೆ ಮಣ್ಣಿನದು, ಮನೆ ಹಳೆಯದು, ಅದಕ್ಕೇ ಎಂದು ಎಲ್ಲರೂ ಹೇಳಿದರು. ಮೂರು ತಿಂಗಳು ಓಡಾಡಿದ ಮೇಲೆ ನನಗೆ ತಿಳಿದದ್ದು ಬೇರೆ. ಗೋಡೆಯನ್ನು ದುರಸ್ತಿ ಮಾಡಬಹುದು. ಬೆಲೆ ಇಳಿಸಿದ್ದು ಗೋಡೆಯಲ್ಲ, ಸಹಿ ಹಾಕದೆ ಉಳಿದಿರುವ ಮಂದಿ. ನನ್ನ ವಯಸ್ಸಿನ ಹಲವರು ಈಗ ಇಂಥದೇ ಲೆಕ್ಕದಲ್ಲಿ ಇರುವುದರಿಂದ ನಾವು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗಲೇ ಯಾಕೆ ಈ ಮಾತು?

ರಾಯಚೂರು ನಗರಸಭೆ ಈಚೆಗೆ ಮಹಾನಗರ ಪಾಲಿಕೆಯಾಗಿದೆ. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಆರಂಭವಾದ ಹೋರಾಟ, ವಿಮಾನ ನಿಲ್ದಾಣದ ಮಾತು, ಸಿಂಧನೂರಿನವರೆಗೆ ಬಂದಿರುವ ಗಿಣಿಗೇರಾ–ಮಹಬೂಬನಗರ ರೈಲು ಮಾರ್ಗ, ಇವೆಲ್ಲ ಸೇರಿ ನಿವೇಶನದ ಬೆಲೆ ಏರುತ್ತಿದೆ. ಇನ್ನೊಂದು ಕಡೆ ಹಳೇ ಊರಿನ ಕುಟುಂಬಗಳ ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿದ್ದಾರೆ. ಬೀಗ ಹಾಕಿದ ಮನೆಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ದೇವದುರ್ಗದಲ್ಲೂ ಮಾನ್ವಿಯಲ್ಲೂ ಇದೇ ಕಥೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಕಡೆಗೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗದ ಕಡೆಗೆ ಬಂದ ಮೇಲೆ ಕೈಯಲ್ಲಿ ದುಡ್ಡಾಡಿದವರು ಆರ್‌ಸಿಸಿ ಮನೆ ಕಟ್ಟಿಕೊಂಡರು. ತಾತನ ಮಾಳಿಗೆ ಮನೆ ಹಿಂದೆ ಉಳಿಯಿತು.

ಸಾಲವೂ ಸ್ವಲ್ಪ ಅಗ್ಗವಾಗಿದೆ. 2025ರ ಆರಂಭದಲ್ಲಿ ಶೇ 6.50 ಇದ್ದ ರಿಸರ್ವ್ ಬ್ಯಾಂಕಿನ ರೆಪೊ ದರ ಜೂನ್ ಹೊತ್ತಿಗೆ ಶೇ 5.50ಕ್ಕೆ ಇಳಿಯಿತು. ಆದರೆ ಅದೇ ವರ್ಷ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. 2024ರ ಅಕ್ಟೋಬರ್‌ನಿಂದ ಪಟ್ಟಣದ ಆಸ್ತಿ ನೋಂದಣಿಗೆ ಇ–ಖಾತಾ ಕಡ್ಡಾಯವಾಗಿದೆ. ಮೊದಲಿನ ಹಾಗೆ ಕೈಬರಹದ ಖಾತಾ ನಕಲು ತೋರಿಸಿ ಕೊಂಡು ಮಾರುವ ಕಾಲ ಮುಗಿಯಿತು. ಈ ಬದಲಾವಣೆ ಒಳ್ಳೆಯದೇ. ಆದರೆ ಹೆಚ್ಚು ಬಿಸಿ ತಟ್ಟಿದ್ದು ಹಳೇ ಮನೆಗಳಿಗೆ. ಯಾಕೆಂದರೆ ಎಷ್ಟೋ ಹಳೇ ಮನೆಗಳ ಖಾತಾ ಇವತ್ತಿಗೂ ತೀರಿಹೋದ ತಾತನ ಹೆಸರಿನಲ್ಲೇ ಇದೆ.

ಗೋಡೆಯ ಲೆಕ್ಕ

ಮೊದಲು ಗೋಡೆಯ ಮಾತು ಮುಗಿಸೋಣ. ನಮ್ಮ ಭಾಗದ ಮಾಳಿಗೆ ಮನೆಗಳನ್ನು ‘ಹಳೇದು’ ಎಂದು ತಳ್ಳಿಹಾಕುವ ಮೊದಲು ಮೇ ತಿಂಗಳ ಮಧ್ಯಾಹ್ನ ಒಮ್ಮೆ ಒಳಗೆ ಕೂತು ನೋಡಬೇಕು. ಹೊರಗೆ 42 ಡಿಗ್ರಿ ಬಿಸಿಲಿರುವಾಗ ಆರ್‌ಸಿಸಿ ಮನೆಯ ಮೇಲ್ಛಾವಣಿ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತದೆ. ಎರಡಡಿ ದಪ್ಪದ ಕಲ್ಲು–ಮಣ್ಣಿನ ಗೋಡೆಯ ಮನೆ ತಂಪಾಗಿರುತ್ತದೆ.

ಆದರೆ ನೋಡಬೇಕಾದ ಜಾಗಗಳಿವೆ. ನಮ್ಮ ಜತೆ ಬಂದ ಹಿರಿಯ ಮೇಸ್ತ್ರಿ ಮೊದಲು ಮೇಲೆ ನೋಡಿದರು. ತೊಲೆಯ ನಡುಭಾಗ ಎಲ್ಲರಿಗೂ ಕಾಣುತ್ತದೆ, ಅದು ಚೆನ್ನಾಗಿಯೇ ಇರುತ್ತದೆ. ಗೋಡೆಯೊಳಗೆ ಸೇರಿದ ತುದಿಯಲ್ಲಿ ತೇವ ನಿಂತು ಕಟ್ಟಿಗೆ ಕೊಳೆಯುತ್ತದೆ, ಗೆದ್ದಲು ಹತ್ತುವುದೂ ಅಲ್ಲೇ. ಆಮೇಲೆ ಮಾಳಿಗೆ ಹತ್ತಿದರು. ಪ್ರತಿ ಮಳೆಗಾಲದ ಮೊದಲು ಸೋರಬಾರದೆಂದು ಮಣ್ಣು ಹಾಕಿ ಹಾಕಿ ಕೆಲವು ಮನೆಗಳ ಮೇಲ್ಮುದ್ದೆ ಅಡಿಗಟ್ಟಲೆ ದಪ್ಪವಾಗಿರುತ್ತದೆ. ಆ ಭಾರಕ್ಕೆ ಜಂತಿ ಬಾಗುತ್ತದೆ. ಮೂರನೆಯದು ಗೋಡೆ ಹೊಟ್ಟೆ ಬಿಟ್ಟಿದೆಯೇ ಎಂಬುದು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಓರೆಯಾಗಿ ಓಡಿದ ಬಿರುಕು ಕಂಡರೆ ಅಡಿಪಾಯ ಕದಲಿದೆ ಎಂದು ಅರ್ಥ ಮಾಡಿಕೊಳ್ಳಬೇಕು.

ನಾಲ್ಕನೆಯದು, ಹಿಂದಿನವರು ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ್ ಮಾಡಿಸಿದ್ದಾರೆಯೇ ಎಂಬುದು. ಮೇಲೆ ನೋಡಲು ಚೆಂದ. ಆದರೆ ಸಿಮೆಂಟು ಒಳಗಿನ ತೇವವನ್ನು ಹೊರಬಿಡುವುದಿಲ್ಲ, ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ. ಐದನೆಯದು ನೀರು. 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ಹಳೇ ಗಲ್ಲಿಯಲ್ಲಿ ಮನೆಗೆ ಬರುವ ನಲ್ಲಿ ಪೈಪು ಚರಂಡಿಯ ಪಕ್ಕದಲ್ಲೋ ಒಳಗೋ ಹಾದುಬಂದಿದೆಯೇ ಎಂದು ನೋಡಿ, ಪೈಪು ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಮೇಸ್ತ್ರಿ ಪಕ್ಕದ ಮನೆಯವರನ್ನು ಕೇಳಿದ ಒಂದು ಪ್ರಶ್ನೆ ನನಗೆ ಬಹಳ ಹಿಡಿಸಿತು. ‘2009ರ ಮಳಿಗೆ ಈ ಮನಿಗೆ ಏನಾಗಿತ್ರಿ?’ ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಹಿಡಿದ ಮಳೆಗೆ ರಾಯಚೂರು ಸೇರಿ ಉತ್ತರ ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು ಮಣ್ಣಿನ ಮನೆಗಳು ಬಿದ್ದವು. ಆ ಮಳೆಯನ್ನು ತಡೆದುಕೊಂಡ ಮನೆಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ನಾವು ನೋಡಿದ ಮನೆಯ ಹಿಂದಿನ ಒಂದು ಕೋಣೆ ಅವತ್ತು ಬಿದ್ದಿತ್ತು, ಉಳಿದದ್ದು ನಿಂತಿತ್ತು. ಮೇಸ್ತ್ರಿಯ ತೀರ್ಪು ಇಷ್ಟೇ: ‘ಮನಿ ಗಟ್ಟಿ ಐತಿ. ಮ್ಯಾಲಿನ ಮಣ್ಣು ಇಳಿಸ್ರಿ, ನಾಕು ತೊಲಿ ಬದ್ಲಿ ಮಾಡ್ರಿ.’

ದುಡ್ಡಿನ ಲೆಕ್ಕ

ಅಗ್ಗದ ಮನೆಗೆ ಕೈಯಿಂದ ಹಾಕಬೇಕಾದ ದುಡ್ಡು ಹೆಚ್ಚು. ಇದು ನನಗೆ ಮೊದಲು ಹೊಳೆದಿರಲಿಲ್ಲ. ಲೆಕ್ಕಕ್ಕೆಂದು 30 ಲಕ್ಷ ರೂಪಾಯಿಯ ಮನೆ ಎಂದುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಮೌಲ್ಯದ ಶೇ 90ರವರೆಗೆ ಸಾಲ ಕೊಡಬಹುದು. ಆದರೆ ಆ ಮೌಲ್ಯ ಎಂದರೆ ನಾವು ಮಾತಾಡಿಕೊಂಡ ಬೆಲೆಯಲ್ಲ, ಬ್ಯಾಂಕಿನ ಮೌಲ್ಯಮಾಪಕರು ಕಟ್ಟಿದ ಬೆಲೆ. ಮಣ್ಣಿನ ಗೋಡೆಯ, ಎಂಬತ್ತು ವರ್ಷ ದಾಟಿದ ಕಟ್ಟಡಕ್ಕೆ ಅವರು ಹೆಚ್ಚು ಬೆಲೆ ಕಟ್ಟುವುದಿಲ್ಲ. ಹಲವು ಸಲ ಜಾಗದ ಬೆಲೆ ಮಾತ್ರ ಹಿಡಿಯುತ್ತಾರೆ.

ಅವರು 24 ಲಕ್ಷ ಎಂದರೆ ಸಿಗುವ ಸಾಲ ಹೆಚ್ಚೆಂದರೆ 21.6 ಲಕ್ಷ. ಉಳಿದ 8.4 ಲಕ್ಷ ನಮ್ಮ ಕೈಯಿಂದ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ನೋಂದಣಿ ಶುಲ್ಕ ಶೇ 2 ಸೇರಿದರೆ ಸುಮಾರು ಶೇ 7.6. ಅಂದರೆ 30 ಲಕ್ಷಕ್ಕೆ 2.28 ಲಕ್ಷ. ಇದಕ್ಕೆ ಸಾಲ ಸಿಗದು. ಒಟ್ಟು 10.68 ಲಕ್ಷ ರೂಪಾಯಿ ಕೈಯಲ್ಲಿರಬೇಕು, ಅದೂ ಒಂದು ತೊಲೆ ಬದಲಿಸುವ ಮೊದಲೇ. 21.6 ಲಕ್ಷಕ್ಕೆ ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 18,000 ರೂಪಾಯಿ.

ಈ ಲೆಕ್ಕದಿಂದಾಗಿ ಹಳೇ ಮನೆ ಕೊಂಡವರಲ್ಲಿ ಎಷ್ಟೋ ಮಂದಿ ಅದನ್ನು ಮನೆಯೆಂದು ಕೊಳ್ಳುವುದಿಲ್ಲ, ನಿವೇಶನವೆಂದು ಕೊಳ್ಳುತ್ತಾರೆ. ಕೆಡವಿ ಹೊಸದು ಕಟ್ಟುತ್ತೇವೆಂದರೆ ಸಾಲ ಸಲೀಸು. ಸುಣ್ಣದ ಗಾರೆ, ಸಾಗವಾನಿ ತೊಲೆ ಎಂದರೆ ಬ್ಯಾಂಕಿನಲ್ಲಿ ಮುಖ ನೋಡುತ್ತಾರೆ. ಕೆತ್ತನೆಯ ಬಾಗಿಲುಗಳು ಮನೆ ಬಿಟ್ಟು ದೊಡ್ಡ ಊರುಗಳ ಹೋಟೆಲು, ರೆಸಾರ್ಟುಗಳ ಮುಂದೆ ನಿಲ್ಲುವುದು ಹೀಗೆ. ನಮ್ಮ ಮಾನ್ವಿಯಲ್ಲಿ ಜಗನ್ನಾಥದಾಸರ ಮನೆ ಮಂದಿರವಾಗಿ ಉಳಿದಿದೆ, ಅಲ್ಲಿನ ಕಂಬಕ್ಕೆ ಇವತ್ತಿಗೂ ಪೂಜೆಯಿದೆ. ಭಕ್ತಿ ಆ ಮನೆಯನ್ನು ಉಳಿಸಿತು. ಉಳಿದವರ ಮನೆಗಳನ್ನು ಉಳಿಸಬೇಕಾದದ್ದು ವಾಸ ಮಾಡುವವರು.

ಕಾಗದದ ಲೆಕ್ಕ

‘ಇಸಿ ಕ್ಲೀನ್ ಐತ್ರಿ ಮೇಡಂ, ಏನೂ ತೊಂದ್ರಿ ಇಲ್ಲ’ ಎಂದು ಮಧ್ಯವರ್ತಿ ಹೇಳಿದರು. ಇಸಿ ಅಂದರೆ ಋಣಭಾರ ಪ್ರಮಾಣಪತ್ರ. ಅದು ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಬರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು, ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟ ಕರಾರು, ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದಿರುವ ಬಾಡಿಗೆದಾರ ಇವು ಯಾವುವೂ ಅದರಲ್ಲಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಇಸಿ ಸಾಮಾನ್ಯವಾಗಿ 2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೇ ಪುಸ್ತಕ ತೆಗೆಸಬೇಕು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು, ಸರ್ಕಾರಿ ಕಾಗದ ಉರ್ದುವಿನಲ್ಲಿತ್ತು, ವರ್ಷ ಫಸಲಿಯಲ್ಲಿತ್ತು. ಮಾರುವವರು ತೋರಿಸಿದ ಮೂಲ ಪತ್ರ ಉರ್ದುವಿನ ಬೈನಾಮಾ, ಅಂದರೆ ಕ್ರಯಪತ್ರ. ಅದರಲ್ಲಿ 1348 ಎಂದಿತ್ತು. ಅದು ಇಸವಿಯಲ್ಲ, ಫಸಲಿ. ನಮ್ಮ ಲೆಕ್ಕದಲ್ಲಿ 1938–39. ನಿವೃತ್ತ ಉರ್ದು ಶಿಕ್ಷಕರೊಬ್ಬರು ಕೂತು ಓದಿ ಹೇಳಿದರು. ಅದರ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಗಲ್ಲಿ ಎಂದಿದೆ. ಇವತ್ತು ಅಲ್ಲಿ ಗಲ್ಲಿಯಿಲ್ಲ, ಪಕ್ಕದವರ ಕೋಣೆಯಿದೆ. ಪಶ್ಚಿಮದ ಗೋಡೆ ಎರಡೂ ಮನೆಯವರ ಸಮಾಯಿಕ ಗೋಡೆ. ಅಂದರೆ ನಾಳೆ ನಾವು ತೊಲೆ ಬದಲಿಸಲು ಆ ಗೋಡೆ ಮುಟ್ಟಬೇಕಾದರೆ ಪಕ್ಕದವರನ್ನು ಕೇಳಬೇಕು. ಇದನ್ನೆಲ್ಲ ಇ–ಖಾತಾ ಹೇಳದು, ಆ ಹಳೇ ಕಾಗದ ಹೇಳಿತು.

ಹಳೇ ಊರಿನಲ್ಲಿ ಮನೆ ನೋಡುವವರು ಇನ್ನೆರಡು ಪಟ್ಟಿ ನೋಡಬೇಕು. ಜಾಗ ಗುಡಿ, ಮಠ, ದರ್ಗಾಕ್ಕೆ ಬಿಟ್ಟದ್ದೇ ಎಂದು ಮುಜರಾಯಿ ಮತ್ತು ವಕ್ಫ್ ದಾಖಲೆಗಳಲ್ಲಿ ಪರಿಶೀಲಿಸಬೇಕು. ಹತ್ತಿರದಲ್ಲಿ ಸಂರಕ್ಷಿತ ಸ್ಮಾರಕವಿದ್ದರೆ ಅದು ಯಾರ ಪಟ್ಟಿಯಲ್ಲಿದೆ ಎಂದು ತಿಳಿಯಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ 2010ರ ತಿದ್ದುಪಡಿ ಕಾಯ್ದೆಯಂತೆ ಸುತ್ತಲಿನ 100 ಮೀಟರ್‌ನಲ್ಲಿ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್‌ನಲ್ಲಿ ಅನುಮತಿ ಬೇಕು. ಕೆಡವಿ ಕಟ್ಟುತ್ತೇನೆಂದು ಕೊಂಡವರಿಗೆ ಇದು ದೊಡ್ಡ ಪೆಟ್ಟು.

ಹನ್ನೊಂದು ಸಹಿ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಖಾತಾದಲ್ಲಿದ್ದ ಹೆಸರಿನ ಹಿರಿಯರು ಉಯಿಲು ಬರೆಯದೆ ತೀರಿದ್ದರು. ಅವರಿಗೆ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಒಬ್ಬ ಮಗ, ಒಬ್ಬ ಮಗಳು ಈಗಿಲ್ಲ. ತೀರಿದ ಮಗನ ಹೆಂಡತಿ ಮತ್ತು ಮೂವರು ಮಕ್ಕಳು, ತೀರಿದ ಮಗಳ ನಾಲ್ವರು ಮಕ್ಕಳು ಸೇರಿ ಒಟ್ಟು ವಾರಸುದಾರರು 11 ಮಂದಿ. ಕರಾರು ಪತ್ರಕ್ಕೆ ಸಹಿ ಹಾಕಲು ತಯಾರಾಗಿದ್ದವರು ನಾಲ್ವರು: ಬದುಕಿರುವ ಇಬ್ಬರು ಗಂಡುಮಕ್ಕಳು, ತೀರಿದ ಮಗನ ಇಬ್ಬರು ಗಂಡುಮಕ್ಕಳು. ಉಳಿದ ಏಳು ಮಂದಿಯಲ್ಲಿ ಐವರು ಹೆಂಗಸರು.

ಕಾನೂನು ಇಲ್ಲಿ ಸ್ಪಷ್ಟ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ತೀರಿದ ತಂದೆಯ ಸ್ವಂತ ಗಳಿಕೆಯ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲೂ ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದು ಆ ಭೇದ ಹೋಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರದಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದಿತು. ‘ನಾವು ಬಾಯಿಮಾತಲ್ಲಿ ಎಂದೋ ಪಾಲಾಗಿದ್ದೇವೆ’ ಎಂಬ ವಾದವನ್ನು ಸುಲಭಕ್ಕೆ ಒಪ್ಪಬಾರದು ಎಂದೂ ಹೇಳಿತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ಪಾಲುಗಳಿಗೆ ಮಾತ್ರ ಧಕ್ಕೆಯಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಷರಿಯತ್ ಪ್ರಕಾರ ಹೆಣ್ಣುಮಕ್ಕಳಿಗೆ ಪಾಲು ಮೊದಲಿನಿಂದಲೂ ಇದೆ. ಕಾಗದದ ಮೇಲಿರುವುದು ಕೈಗೆ ಬರದಿರುವುದು ಎಲ್ಲ ಕಡೆಯೂ ಒಂದೇ.

ಮಧ್ಯವರ್ತಿ ಹೇಳಿದ ಪರಿಹಾರ ಸುಲಭದ್ದು. ‘ಹೆಣ್ಮಕ್ಳ ಕಡೆಯಿಂದ ಒಂದು ಹಕ್ಕು ಬಿಡುಗಡಿ ಪತ್ರ ಮಾಡಿಸಿಬಿಡೋಣ್ರಿ. ಅರಿಷಿಣ ಕುಂಕುಮ ಕೊಟ್ರ ಮುಗೀತು.’ ನನಗೂ ಅದು ಸರಿ ಅನ್ನಿಸಿತ್ತು. ನಮಗೆ ಬೇಕಿದ್ದದ್ದು ಸಹಿ ತಾನೇ?

ಆ ರಾತ್ರಿ ಮಾನ್ವಿಗೆ ಹೋಗಿ ಇದನ್ನು ಹೇಳಿದಾಗ ಅವ್ವ ಸುಮ್ಮನಾದಳು. ದೇವದುರ್ಗದಲ್ಲಿ ಅವಳ ತವರುಮನೆ. ಅದೂ ಇಂಥದೇ ಮಾಳಿಗೆ ಮನೆ, ನಾನು ಬೇಸಿಗೆ ರಜೆ ಕಳೆದ ಮನೆ. ಕೆಲವು ವರ್ಷಗಳ ಹಿಂದೆ ಮಾವಂದಿರು ಅದನ್ನು ಮಾರಿದರು. ಅವತ್ತು ಅವ್ವನನ್ನೂ ಚಿಕ್ಕಮ್ಮನನ್ನೂ ಕರೆಸಿ ಸಹಿ ಹಾಕಿಸಿಕೊಂಡಿದ್ದರು. ಊಟ ಹಾಕಿ, ಸೀರೆ ಉಡಿಸಿ ಕಳಿಸಿದ್ದರು. ಪತ್ರದಲ್ಲಿ ಏನಿತ್ತೆಂದು ಅವ್ವ ಕೇಳಿರಲಿಲ್ಲ, ಯಾರೂ ಓದಿ ಹೇಳಿರಲಿಲ್ಲ. ‘ಯಾಕ ಹಾಕಿದಿ?’ ಎಂದೆ. ‘ತವರಿನ ಬಾಗಿಲು ಮುಚ್ಚಬಾರದು ಅಂತ ಹಾಕಿದೆ. ಈಗ ನೋಡು, ಬಾಗಿಲೇ ಇಲ್ಲ’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ನೀ ಆ ಹೆಣ್ಮಕ್ಕಳ ಹತ್ರ ಬರೇ ಸಹಿ ಕೇಳಬ್ಯಾಡ. ಅವರಿಗೆ ಏನು ಮುಟ್ಟತೈತಿ ಅಂತ ಕೇಳು’ ಎಂದಳು.

ನ್ಯಾಯದ ಮಾತು ಹಾಗಿರಲಿ, ಕೊಳ್ಳುವವರ ಲಾಭದ ದೃಷ್ಟಿಯಿಂದಲೇ ನೋಡಿದರೂ ಅವ್ವ ಹೇಳಿದ್ದೇ ಸರಿ ಎಂದು ಆಮೇಲೆ ವಕೀಲರು ವಿವರಿಸಿದರು. ಏನೂ ಪಡೆಯದೆ ಹಾಕಿದ ಸಹಿಯನ್ನು ‘ಓದಿ ಹೇಳದೆ ಮೋಸದಿಂದ ಹಾಕಿಸಿಕೊಂಡರು’ ಎಂದು ನಾಳೆ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಸಹಿಯನ್ನೇ ಹಾಕದವರಿಗಂತೂ, ಪಾಲಿನಿಂದ ತಮ್ಮನ್ನು ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷದವರೆಗೆ ದಾವೆ ಹೂಡಲು ಅವಕಾಶವಿದೆ. ಅದರ ಬದಲು ಹನ್ನೊಂದು ಮಂದಿಯೂ ಮಾರುವವರಾಗಿಯೇ ಕ್ರಯಪತ್ರಕ್ಕೆ ಬರಬೇಕು, ಪ್ರತಿಯೊಬ್ಬರ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೆ ಹೋಗಬೇಕು, ಆ ವಿವರ ಪತ್ರದಲ್ಲೇ ಬರೆಯಬೇಕು. ಹಣ ಮುಟ್ಟಿದವರು ಮುಂದೆ ‘ನನಗೆ ಗೊತ್ತೇ ಇರಲಿಲ್ಲ’ ಎನ್ನುವುದು ಕಷ್ಟ. ಪಾಲಿನ ಪ್ರಮಾಣ ಎಷ್ಟೆಷ್ಟು ಎಂಬುದು ಅವರ ಮನೆಯೊಳಗಿನ ಲೆಕ್ಕ. ಹಣ ಎಲ್ಲರಿಗೂ ಮುಟ್ಟಬೇಕು ಎಂಬುದು ನಮ್ಮ ಷರತ್ತು.

ಸರ್ಕಾರ ಮಾಡಬಹುದಾದದ್ದು

ಹೊಲಗಳಿಗೆ ‘ಇ–ಪೌತಿ’ ಆಂದೋಲನ ಬಂದಿದೆ. ತೀರಿಹೋದವರ ಹೆಸರಿನಲ್ಲಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಈ ಕೆಲಸ ಪಟ್ಟಣದ ಮನೆಗಳಿಗೂ ಬೇಕು. 2025ರಲ್ಲಿ ಬಿ–ಖಾತಾ ಅಭಿಯಾನ ನಡೆದದ್ದು ಅನಧಿಕೃತ ಬಡಾವಣೆಗಳಿಗೆ ಅನುಕೂಲವಾಯಿತು. ನೂರು ವರ್ಷದ ಅಧಿಕೃತ ಮನೆಗೆ ವಾರಸಾ ಬದಲಾವಣೆಗಾಗಿ ಅಂಥ ಒಂದು ಅಭಿಯಾನ ಬಂದರೆ, ವಾರ್ಡಿಗೇ ಬಂದು ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ ಬರೆದುಕೊಂಡರೆ, ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ನೋಂದಣಿ ಕಚೇರಿಗಳಲ್ಲಿ ಉರ್ದು ದಾಖಲೆ ಓದಿ ಕನ್ನಡಕ್ಕೆ ದೃಢೀಕರಿಸಿ ಕೊಡುವ ಒಬ್ಬರಿರಬೇಕು. ಆ ಲಿಪಿ ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಹಳೇ ಮನೆಯ ದುರಸ್ತಿಗೆ, ಸುಣ್ಣ–ಕಟ್ಟಿಗೆಯ ಕೆಲಸಕ್ಕೆ ಸಾಲ ಸಿಗುವಂತಾದರೆ ಕೆಡವುವ ಅವಸರವೂ ತಗ್ಗುತ್ತದೆ.

ನಮ್ಮ ವ್ಯವಹಾರ ಇನ್ನೂ ಮುಗಿದಿಲ್ಲ. ಹನ್ನೊಂದರಲ್ಲಿ ಎಂಟು ಮಂದಿ ಒಪ್ಪಿದ್ದಾರೆ. ತೀರಿದ ಮಗಳ ಮಕ್ಕಳಲ್ಲಿ ಒಬ್ಬರಿಗೆ ಈ ಮನೆಯಲ್ಲಿ ತಮಗೂ ಪಾಲಿದೆ ಎಂಬುದೇ ಗೊತ್ತಿರಲಿಲ್ಲವಂತೆ. ಬೆಲೆ ಸ್ವಲ್ಪ ಏರುವ ಹಾಗೆ ಕಾಣುತ್ತದೆ. ಏರಿದರೂ ನಮ್ಮ ಮಿತಿಯೊಳಗಿದ್ದರೆ ಕೊಳ್ಳುತ್ತೇವೆ, ಮೀರಿದರೆ ಬಿಡುತ್ತೇವೆ. ಹನ್ನೊಂದು ಸಹಿ ಆಗುವವರೆಗೆ ಮುಂಗಡ ಕೊಡುವುದಿಲ್ಲ ಎಂದು ಅಪ್ಪ ಹೇಳಿಬಿಟ್ಟಿದ್ದಾರೆ.

ಹಳೇ ಮನೆ ನೋಡಲು ಹೊರಟ ಗೆಳೆಯ ಗೆಳತಿಯರಿಗೆ ನಾನು ಹೇಳುವುದು ಇಷ್ಟೇ. ತೊಲೆ ನೋಡಿ, ಗೋಡೆ ನೋಡಿ, ಬ್ಯಾಂಕಿನ ಲೆಕ್ಕ ಹಾಕಿ. ಅದಕ್ಕೂ ಮೊದಲು ಒಂದು ಹಾಳೆ ತೆಗೆದುಕೊಂಡು ಆ ಮನೆಯಲ್ಲಿ ಹುಟ್ಟಿ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬರೆದುಕೊಳ್ಳಿ. ಅವರಿಗೆ ಏನು ಮುಟ್ಟುತ್ತದೆ ಎಂದು ಕೇಳಿ. ಉತ್ತರ ಸರಿಯಾಗಿ ಬಂದರೆ ಆಮೇಲೆ ಬೆಲೆ ಮಾತಾಡಿ.